ಮುಖ ಕಾಣುವ ಸೀಟು

ಬೆಂಗಳೂರಿನಲ್ಲಿ ಯಾವ ಥಿಯೇಟರಿಗೆ ಹೋಗಬೇಕು, ಯಾವ ಹಾಲಿನಲ್ಲಿ ಒಳ್ಳೆಯ ನಾಟಕವಿದೆ ಎಂದು ಈಗ ಎಲ್ಲರೂ ಫೋನನ್ನು ಕೇಳುತ್ತಾರೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನಾವು ಮನುಷ್ಯನನ್ನು ಕೇಳುತ್ತಿದ್ದೆವು. ಆ ಮನುಷ್ಯ ನಮ್ಮ ಪಕ್ಕದ ಮನೆಯಲ್ಲಿದ್ದರು. ಹೋದ ತಿಂಗಳು ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಬಂದ ಅವರ ತಮ್ಮ, “ನೀವು ಓದ್ತಾ ಬರೀತಾ ಇರ್ತೀರಲ್ಲಕ್ಕ, ನಮ್ಮಣ್ಣನ ಬಗ್ಗೆ ನಾಲ್ಕು ಸಾಲು ಬರೀರಿ” ಎಂದರು. ನಾನು ಅವರ ಹೆಂಡತಿಯನ್ನು ಕೇಳಿದೆ. “ಬರಿ, ಹೆಸರು ಹಾಕ್ಬೇಡ” ಎಂದರು. ಹಾಗಾಗಿ ಇಲ್ಲಿ ಹೆಸರಿಲ್ಲ. ನನಗೂ ಅದೇ ಸಲೀಸು. ಹೆಸರು ಹಾಕಿದರೆ ಹುಟ್ಟಿದ್ದೆಲ್ಲಿ, ಮಕ್ಕಳೆಷ್ಟು, ಯಾವ ಕಾಯಿಲೆ ಎಂದೆಲ್ಲ ಬರೆಯಬೇಕಾಗುತ್ತದೆ. ಅಷ್ಟು ತ್ರಾಣ ನನಗಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಇಲ್ಲೇ ಹತ್ತಿರದ ಮಧುರೆ ಕಡೆಯಿಂದ ಮದುವೆಯಾಗಿ ನೇಕಾರರ ಬೀದಿಗೆ ಬಂದವಳು. ಇಪ್ಪತ್ತು ವರ್ಷ ಮಗ್ಗದ ಶೆಡ್ಡಿನ ಮೂಲೆಯಲ್ಲಿ ಕೂತು ಕಂಡಿಕೆ ಸುತ್ತಿದ್ದೇನೆ. ಕಂಡಿಕೆಯೆಂದರೆ, ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ಅದೇ ಶೆಡ್ಡಿನಲ್ಲಿ ಅವರು ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದರು. ಶೆಡ್ಡು ಬೇರೆಯವರದು, ನಾವಿಬ್ಬರೂ ಕೂಲಿಯವರು.

ಮೊದಲು ನಮ್ಮ ಬೀದಿಯ ಗಂಟಲಿನ ವಿಷಯ ಹೇಳಿಬಿಡುತ್ತೇನೆ. ಪವರ್‌ಲೂಮ್ ಮಗ್ಗದ ಪಕ್ಕ ಬದುಕಿದವರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಟಕಟಕದ ಮೇಲೆ ಕೂಗಿ ಕೂಗಿ, ಮನೆಗೆ ಬಂದು “ಸ್ವಲ್ಪ ಉಪ್ಪು ಹಾಕು” ಎಂದರೂ ಜಗಳ ತೆಗೆದ ಹಾಗಿರುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ತಿಂಗಳು ಅಳುತ್ತಾರೆ. ನಾನೂ ಅತ್ತಿದ್ದೆ. ಕರೆಂಟು ಹೋದಾಗಂತೂ ನೋಡಬೇಕು. ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಬಾಯಿಗಳು ಮಾತ್ರ ಒಂದೆರಡು ನಿಮಿಷ ಅದೇ ದನಿಯಲ್ಲಿ ಓಡುತ್ತಿರುತ್ತವೆ. ಯಾರ ಅತ್ತೆ ಏನಂದಳು, ಯಾರ ಮನೆಗೆ ಹೆಣ್ಣು ನೋಡಲು ಎಲ್ಲಿಂದ ಬರುತ್ತಿದ್ದಾರೆ, ಎಲ್ಲ ಬೀದಿಗೆ ಬೀಳುತ್ತದೆ.

ಶೆಡ್ಡಿನ ಒಳಗೆ ಕೂಗಿಯೂ ಪ್ರಯೋಜನವಿಲ್ಲ. ಅಲ್ಲಿ ತುಟಿ ನೋಡಿಯೇ ಮಾತು ತಿಳಿಯಬೇಕು, ಉಳಿದದ್ದು ಕೈಸನ್ನೆ. ಬೆರಳು ಗಿರ್ರನೆ ತಿರುಗಿಸಿದರೆ ಕಂಡಿಕೆ ಮುಗಿದಿದೆ, ಕೊಡು ಎಂದರ್ಥ. ಹೆಬ್ಬೆರಳು ತುಟಿಗೆ ತಂದರೆ ಟೀ. ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಎರಡು ಸಲ ತಟ್ಟಿದರೆ, ಕೂತ್ಕೋ, ಅವಸರವಿಲ್ಲ. ಮಾಲೀಕರನ್ನು ಬೈಯುವುದಕ್ಕೂ ಒಂದು ಸನ್ನೆಯಿತ್ತು, ಅದನ್ನು ಬರೆಯುವ ಹಾಗಿಲ್ಲ. ಈ ಭಾಷೆಯನ್ನು ನನಗೆ ಕಲಿಸಿದವರು ಅವರೇ. ಮೊದಲ ವಾರ ನಾನು ದಡ್ಡಿಯ ಹಾಗೆ “ಆಂ, ಆಂ” ಅನ್ನುತ್ತಿದ್ದಾಗ ಹತ್ತಿರ ಬಂದು, “ಕಿವಿ ಬಿಟ್ಬಿಡು ಕಣಮ್ಮ, ಇಲ್ಲಿ ಅದು ಕೆಲಸಕ್ಕೆ ಬರಲ್ಲ. ಬಾಯಿ ನೋಡು” ಎಂದಿದ್ದರು.

ಅವರ ಹುಚ್ಚು ಶುರುವಾದದ್ದು ಸಿನಿಮಾ ಥಿಯೇಟರುಗಳಿಂದ. ಮಗ್ಗಕ್ಕೆ ರಜೆ ಬಂತೆಂದರೆ ಇಸ್ತ್ರಿ ಮಾಡಿದ ತುಂಬುತೋಳಿನ ಶರ್ಟು, ಜೇಬಿನಲ್ಲಿ ಬಾಚಣಿಗೆ, ಬೆಳಗಿನ ರೈಲು. ಮೆಜೆಸ್ಟಿಕ್ಕಿನ ಸುತ್ತ ಇದ್ದ ಥಿಯೇಟರುಗಳು ಅವರಿಗೆ ನಂಟರ ಮನೆಗಳಿದ್ದ ಹಾಗೆ. ಎಲ್ಲಿ ಕಂಬ ಅಡ್ಡ ಬರುತ್ತದೆ, ಎಲ್ಲಿ ಫ್ಯಾನಿನ ಕೆಳಗೆ ಕೂತರೆ ಜ್ವರ ಬರುತ್ತದೆ, ಎಲ್ಲಿ ಹೆಂಗಸರ ಕಡೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಎಲ್ಲ ಬಾಯಿಪಾಠ. ನನ್ನ ಗಂಡ ಮದುವೆಯಾದ ಹೊಸತರಲ್ಲಿ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವ ಮುಂಚೆ ಅವರ ಹತ್ತಿರ ಸಲಹೆ ಕೇಳಲು ಹೋಗಿದ್ದ. “ಬಾಲ್ಕನಿ ತಗೋ, ಎಡಗಡೆ ಕೂತ್ಕೋ. ಬಲಗಡೆ ಕೂತ್ರೆ ಇಂಟರ್ವೆಲ್ ಆದ್ಮೇಲೆ ಕಕ್ಕಸಿನ ವಾಸ್ನೆ ಹೊಡೀತದೆ. ಹೊಸ ಹೆಂಡ್ತಿ ಬೇರೆ” ಎಂದಿದ್ದರಂತೆ. ನಾವು ಎಡಗಡೆಯೇ ಕೂತೆವು. ಅವರು ಹೇಳಿದ್ದು ನಿಜವಾಗಿತ್ತು.

ಅವರ ಥಿಯೇಟರುಗಳಲ್ಲಿ ಈಗ ಎಷ್ಟು ಉಳಿದಿವೆಯೋ ಗೊತ್ತಿಲ್ಲ. ಒಂದು ಬಟ್ಟೆ ಕಾಂಪ್ಲೆಕ್ಸ್ ಆಯಿತು, ಇನ್ನೊಂದನ್ನು ಕೆಡವಿ ಕಾರು ನಿಲ್ಲಿಸುತ್ತಿದ್ದಾರೆ. ನಮ್ಮೂರಿನ ಒಂದು ಥಿಯೇಟರು ಕಲ್ಯಾಣ ಮಂಟಪವಾಯಿತು. ಅಲ್ಲಿ ಮದುವೆಗೆ ಹೋದಾಗಲೆಲ್ಲ ಊಟದೆಲೆಯ ಮುಂದೆ ಕೂತು, “ನಾವೀಗ ಕೂತಿರೋದು ಗಾಂಧಿ ಕ್ಲಾಸಲ್ಲಿ” ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಪಕ್ಕದವರು ಯಾರೋ ದೇವನಹಳ್ಳಿಯ ಕ್ಯಾಬ್ ಡ್ರೈವರುಗಳಾಗಿದ್ದರೆ ಅವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಆಮೇಲೆ ಒಂದು ವರ್ಷ ಇದ್ದಕ್ಕಿದ್ದಂತೆ ಸಿನಿಮಾ ಬಿಟ್ಟು ನಾಟಕ ಹಿಡಿದರು. ಬೀದಿಯಲ್ಲಿ ಎಲ್ಲರೂ ಆಡಿಕೊಂಡರು. “ಏನಣ್ಣಾ, ದೊಡ್ಡವರ ಸಾವಾಸ ಜಾಸ್ತಿ ಆಯ್ತು” ಎಂದರೆ ಅವರು ಗಂಭೀರವಾಗಿ, “ಸಿನಿಮಾದೋರು ಬೆನ್ನು ತೋರಿಸ್ಕೊಂಡು ಮಾತಾಡ್ತಾರೆ. ನಾಟಕದೋರಿಗೆ ಮರ್ಯಾದೆ ಗೊತ್ತು, ಮುಖ ಕೊಟ್ಟು ಮಾತಾಡ್ತಾರೆ” ಎನ್ನುತ್ತಿದ್ದರು. ಎಂಥ ದೊಡ್ಡ ಮಾತು ಅನ್ನಿಸಿ ನಾನದನ್ನು ಆವತಿಯಲ್ಲಿರುವ ನನ್ನ ತಂಗಿಗೆ ನನ್ನದೇ ಮಾತೆಂಬಂತೆ ಹೇಳಿದ್ದೆ.

ಬೀದಿಯ ಏಳೆಂಟು ಜನರನ್ನು ಕಟ್ಟಿಕೊಂಡು ತಿಂಗಳಿಗೊಂದು ಭಾನುವಾರ ಹೊರಡುತ್ತಿದ್ದರು. ಮಧ್ಯಾಹ್ನದ ಆಟ, ಸಂಜೆ ವಾಪಸು. ನನ್ನ ಗಂಡನಿಗೆ ಭಾನುವಾರವೆಂದರೆ ನಿದ್ದೆ, ಅವರ ಹೆಂಡತಿಗೆ ಬಸ್ಸಿನಲ್ಲಿ ವಾಂತಿ. ನಾನು ಮಾತ್ರ ಒಂದೂ ಬಿಡಲಿಲ್ಲ. ನನಗೆ ಬೇರೆ ಏನಿತ್ತು. ತಿಂಗಳ ಉಳಿದ ದಿನವೆಲ್ಲ ಕಂಡಿಕೆ, ಒಲೆ, ಕಂಡಿಕೆ.

ಹಾಲುಗಳ ಬಗ್ಗೆ ಅವರ ಅಭಿಪ್ರಾಯಗಳು ಯಾವ ಪೇಪರಿನಲ್ಲೂ ಬರುವಂಥವಲ್ಲ. ಎಲ್ಲರೂ ಹೊಗಳುವ ಒಂದು ದೊಡ್ಡ ಹಾಲು ಅವರಿಗೆ ಆಗುತ್ತಿರಲಿಲ್ಲ. “ಸ್ಟೇಜು ಅಲ್ಲೆಲ್ಲೋ, ನಾವು ಇನ್ನೆಲ್ಲೋ. ಮಧ್ಯ ರಾಗಿ ಬಿತ್ತಬಹುದು.” ಇನ್ನೊಂದರಲ್ಲಿ ದೀಪ ಮೇಲಿನಿಂದ ಬೀಳುತ್ತದೆ, ಮೂಗಿನ ನೆರಳು ಬಾಯಿಯ ಮೇಲೆ ಬರುತ್ತದೆ, ದಂಡ. ಬೊಂಬೆಯಾಟಕ್ಕೆ ಒಮ್ಮೆ ಹೋಗಿ, “ಬಾಯೇ ಆಡಿಸಲ್ಲ, ಅವೇನು ಬೊಂಬೆ” ಎಂದು ಬೇಸರ ಮಾಡಿಕೊಂಡು ಬಂದರು. ಬೀದಿಯ ಮಕ್ಕಳನ್ನು ನಕ್ಷತ್ರ ತೋರಿಸುವ ಗುಮ್ಮಟದ ಹಾಲಿಗೆ ಕರೆದುಕೊಂಡು ಹೋದಾಗ ಮಕ್ಕಳೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರೆ ಇವರು ಗೊರಕೆ ಹೊಡೆದರು. “ಕತ್ತಲಲ್ಲಿ ಯಾರೋ ಮಾತಾಡ್ತಾನೆ, ಅವನಿಗೆ ಮುಖ ಬೇಡ್ವಾ?” ಎಂದು ನನ್ನನ್ನೇ ಕೇಳಿದರು.

ಮೀಸೆಯದು ಇನ್ನೊಂದು. ಪೌರಾಣಿಕ ನಾಟಕವೆಂದರೆ ನನಗೆ ಪ್ರಾಣ. ಅವರು ಒಪ್ಪುತ್ತಿರಲಿಲ್ಲ. “ಫೋನ್ ಮಾಡಿ ಕೇಳು, ಮೀಸೆ ಇದೆಯಾ ಅಂತ. ದೊಡ್ಡ ಮೀಸೆ ಆದ್ರೆ ಬೇಡ” ಎನ್ನುತ್ತಿದ್ದರು. ನಾನು ಫೋನ್ ಮಾಡಿ ಕೇಳುತ್ತಿದ್ದೆ. ಆ ಕಡೆಯ ಹುಡುಗಿ, “ಮೇಡಂ, ಇದು ನಾಟಕದ ಟಿಕೆಟ್ ವಿಚಾರಾನಾ?” ಎಂದು ಕೇಳುತ್ತಿದ್ದಳು. ಮಾನ ಹೋಗುತ್ತಿತ್ತು. ಆದರೂ ಕೇಳುತ್ತಿದ್ದೆ.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ತಿಳಿಯಬೇಕಿತ್ತು. ನನಗೆ ತಿಳಿಯಲಿಲ್ಲ. ತಿಳಿದದ್ದು ಒಂದು ದಿನ ಕರೆಂಟು ಹೋದಾಗ.

ಮಗ್ಗ ನಿಂತಿತ್ತು. ಉಳಿದವರು ಹೊರಗೆ ಹೋಗಿದ್ದರು. ಅವರು ನನಗೆ ಬೆನ್ನು ಮಾಡಿ ಹಾಸಿನ ಎಳೆ ಸರಿಪಡಿಸುತ್ತಿದ್ದರು. “ಅಣ್ಣ, ಕಂಡಿಕೆ ಎಷ್ಟು ಬೇಕು?” ಎಂದೆ. ಮಾತಿಲ್ಲ. ಇನ್ನೂ ಜೋರಾಗಿ ಕೇಳಿದೆ. ಮಾತಿಲ್ಲ. ನನಗೆ ಸಿಟ್ಟು ಬಂತು, ಏನು ಅಷ್ಟೊಂದು ಜಂಬ ಎಂದು. ಎದುರಿಗೆ ಹೋಗಿ ನಿಂತೆ. ಅವರು ತಲೆಯೆತ್ತಿದರು. ಆಗ ನನಗೆ ಏನನ್ನಿಸಿತೋ, ಗಂಟಲಿನಿಂದ ಒಂದಿಷ್ಟೂ ಸ್ವರ ಹೊರಡಿಸದೆ ಬರೀ ತುಟಿ ಆಡಿಸಿದೆ. “ಎಷ್ಟು ಬೇಕು?”

“ಹತ್ತು ಕೊಡಮ್ಮ, ಸಾಕು” ಎಂದರು, ಬೀದಿಗೆ ಕೇಳುವ ಹಾಗೆ.

ನಾನು ಅವರ ಕಿವಿಯನ್ನೇ ನೋಡುತ್ತಾ ನಿಂತೆ. ಅವರಿಗೂ ಹೊಳೆಯಿತು. ಸುತ್ತಲೂ ನೋಡಿ, ಕೈಯಲ್ಲಿದ್ದ ಎಳೆ ಬಿಟ್ಟು, ಬೆರಳನ್ನು ಬಾಯಿಯ ಮೇಲಿಟ್ಟರು.

ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ಕಿವಿ ಹೋಗಿ ಮೂರು ವರ್ಷವಾಯಿತು ಎಂದರು. ಡಾಕ್ಟರಿಗೆ ತೋರಿಸಿದ್ದರಂತೆ. ಮಗ್ಗ ಬಿಡದಿದ್ದರೆ ಉಳಿದ ಚೂರೂ ಹೋಗುತ್ತದೆ ಎಂದಿದ್ದರಂತೆ. ಕಿವಿಗೆ ಹಾಕುವ ಮಿಷನ್ನು ತಂದು ಒಂದು ದಿನ ಶೆಡ್ಡಿನಲ್ಲಿ ಹಾಕಿಕೊಂಡರೆ ಮಗ್ಗದ ಸದ್ದೇ ನಾಲ್ಕು ಪಟ್ಟಾಗಿ ತಲೆ ಸಿಡಿಯುವ ಹಾಗಾಯಿತಂತೆ. ಅದನ್ನು ಹೆಂಡತಿಯ ಬಳೆಯ ಡಬ್ಬಿಯಲ್ಲಿ ಹಾಕಿಟ್ಟರು. ಹೆಂಡತಿಗೆ ಗೊತ್ತು, ಈಗ ನನಗೆ ಗೊತ್ತು, ಅಷ್ಟೇ.

“ಯಾರಿಗೂ ಹೇಳ್ಬೇಡ” ಎಂದರು. ಅದಕ್ಕೆ ಕಾರಣವಿತ್ತು. ನೇಕಾರ ಮಗ್ಗವನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಲ್ಲಿ ನೋಡಿಕೊಳ್ಳುತ್ತಾನೆ. ಲಾಳಿ ಸ್ವಲ್ಪ ಓರೆಯಾದರೂ ಸದ್ದು ಬದಲಾಗುತ್ತದೆ, ಅಷ್ಟರಲ್ಲಿ ಕೈ ಹೋಗಿ ನಿಲ್ಲಿಸಬೇಕು. ಇಲ್ಲದಿದ್ದರೆ ಸೀರೆ ಹಾಳು. ಕಿವಿ ಹೋದವನನ್ನು ಯಾವ ಮಾಲೀಕನೂ ಮಗ್ಗದ ಮೇಲೆ ಇಟ್ಟುಕೊಳ್ಳುವುದಿಲ್ಲ, ಸೀರೆ ಮಡಿಸಲು ಕೂರಿಸುತ್ತಾನೆ. ಅವರು ಒಂದು ಅಂಗೈಯನ್ನು ಮಗ್ಗದ ಮರದ ಮೇಲಿಟ್ಟು, ಅದರ ನಡುಕದಲ್ಲೇ ಎಲ್ಲ ತಿಳಿದುಕೊಳ್ಳುತ್ತಿದ್ದರು. ಅವರು ನೇಯ್ದ ಸೀರೆಯಲ್ಲಿ ದೋಷ ತೋರಿಸಿ ಎಂದರೆ ಮಾಲೀಕನೇ ಸೋಲುತ್ತಿದ್ದ.

ಸಿನಿಮಾ ಬಿಟ್ಟದ್ದೂ ಅದಕ್ಕೇ. ಸಿನಿಮಾದಲ್ಲಿ ಮಾತಾಡುವವನ ಮುಖ ತೋರಿಸುವುದು ಬಿಟ್ಟು ಕಿಟಕಿ ತೋರಿಸುತ್ತಾರೆ, ಕಾರು ತೋರಿಸುತ್ತಾರೆ. ನಾಟಕದಲ್ಲಿ ನಿಂತು, ಜನರ ಕಡೆ ತಿರುಗಿ, ಬಾಯಿ ತುಂಬ ಮಾತಾಡುತ್ತಾರೆ. ಮುಂದಿನ ಸಾಲು ಸಿಕ್ಕರೆ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಒಮ್ಮೆ ಒಂದು ಹಾಲಿನಲ್ಲಿ ಮೈಕು ಕೆಟ್ಟು, ಹಿಂದೆ ಕೂತ ನಮಗೆ ಏನೂ ಕೇಳದೆ ಹೋದಾಗ ಅವರು ಮುಂದಿನ ಸಾಲಿನಿಂದ ಪಕ್ಕಕ್ಕೆ ತಿರುಗಿ ಕೂತು, ನಟರ ಮಾತನ್ನೆಲ್ಲ ತುಟಿಯಲ್ಲಿ, ಸನ್ನೆಯಲ್ಲಿ ನಮಗೆ ಹೇಳಿದರು. ಶೆಡ್ಡಿನವರಾದ ನಾವು ಎಂಟು ಜನ ನಗಬೇಕಾದ ಕಡೆ ನಕ್ಕೆವು. ಸುತ್ತಲಿನ ಬೆಂಗಳೂರಿನವರು ನಮ್ಮನ್ನು ಹುಚ್ಚರೆಂದುಕೊಂಡರು. ಅಷ್ಟು ಹೆಮ್ಮೆ ನನಗೆ ಜೀವನದಲ್ಲಿ ಮತ್ತೆ ಆಗಲಿಲ್ಲ.

ನಾಟಕವೊಂದನ್ನು ಬಿಟ್ಟರೆ ಜಗತ್ತಿನ ಮಾತು ಅವರಿಗೆ ನೇರವಾಗಿ ತಲುಪುವ ದಾರಿ ಬೇರೆ ಇರಲಿಲ್ಲ. ಮಕ್ಕಳು ಬೆನ್ನು ಮಾಡಿ ಮಾತಾಡುತ್ತಿದ್ದರು, ಟಿವಿಯವರು ಕಿರುಚುತ್ತಿದ್ದರು, ಬೀದಿಯವರಿಗೆ ನಿಂತು ಮಾತಾಡಲು ಪುರುಸೊತ್ತಿಲ್ಲ. ಅದು ನನಗೆ ಗೊತ್ತಿತ್ತು. ಜೊತೆಗೆ ಹೋಗುತ್ತಿದ್ದವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ ಎನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಕೊರೋನಾಕ್ಕೆ ಒಂದು ವರ್ಷ ಮುಂಚೆ ಅವರಿಗೆ ಒಂದು ಹೊಸ ಹಾಲು ಸಿಕ್ಕಿತು. ಬೆಂಗಳೂರಿನ ಆ ತುದಿಯ ಬಡಾವಣೆಯೊಂದರಲ್ಲಿ ರಿಟೈರಾದ ಇಂಜಿನಿಯರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಕಟ್ಟಿಸಿದ್ದ ಸಣ್ಣ ಹಾಲು. ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು. ಸ್ಟೇಜೇ ಇಲ್ಲ, ನಟರು ನಮ್ಮ ಕಾಲ ಹತ್ತಿರವೇ ನಿಂತು ಮಾತಾಡುತ್ತಾರೆ. ಮೊದಲ ಸಲ ಹೋಗಿ ಬಂದ ದಿನ ಅವರ ಮುಖ ನೋಡಬೇಕಿತ್ತು. “ಹಲ್ಲು ಎಣಿಸಬಹುದು ಕಣಮ್ಮ, ಹಲ್ಲು. ಒಂದು ಮಾತು ಬಿದ್ದುಹೋಗ್ಲಿಲ್ಲ. ಇನ್ಮೇಲೆ ನನಗೆ ಇದೊಂದು ಹಾಲು ಸಾಕು, ಉಳಿದಿದ್ದೆಲ್ಲ ನೀವು ಹಂಚ್ಕೊಳಿ” ಎಂದರು.

ಮೂರನೆಯ ಸಲ ಹೋದಾಗ ತಾಯಿ ಮಗಳ ನಾಟಕ. ಮನೆ ಮಾರಬೇಕೋ ಬೇಡವೋ ಎಂದು ಇಬ್ಬರೂ ಕಚ್ಚಾಡುತ್ತಾರೆ. ನಾವು ಮುಂದಿನ ಸಾಲಿನಲ್ಲಿದ್ದೆವು, ನಾನು ಅವರ ಪಕ್ಕದಲ್ಲಿ. ಕಥೆ ಬಿಗಿಯಾಗುತ್ತಾ ಬಂತು. ತಾಯಿಯ ಪಾತ್ರದವಳು ಇದ್ದಕ್ಕಿದ್ದಂತೆ ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ, ಮೆಲ್ಲಗೆ ಒಂದು ಮಾತು ಹೇಳಿದಳು. ಇಡೀ ಹಾಲು ಉಸಿರು ಬಿಗಿಹಿಡಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು.

ಪಿಸುಗುಟ್ಟಿದೆನೆಂದು ಅವರು ಅಂದುಕೊಂಡರು.

“ಏನಂದ್ಲು ಅವಳು?”

ಮಗ್ಗದ ದನಿ. ಆ ಸಣ್ಣ ಹಾಲಿನಲ್ಲಿ ಅದು ಗೋಡೆಗೆ ಬಡಿಯಿತು. ನಟಿ ನಿಂತುಬಿಟ್ಟಳು. ಹಿಂದೆ ಯಾರೋ ನಕ್ಕರು, ಯಾರೋ ‘ಶ್’ ಎಂದರು. ನಾನು ಅವರ ತೊಡೆ ಮುಟ್ಟಿ ಸುಮ್ಮನಿರಿ ಎಂದು ಸನ್ನೆ ಮಾಡಿದೆ. ಕತ್ತಲಲ್ಲಿ ಅವರಿಗೆ ಕಾಣಿಸಲಿಲ್ಲ. ತಾವು ಕೇಳಿದ್ದು ನನಗೆ ಕೇಳಲಿಲ್ಲವೇನೋ ಎಂದುಕೊಂಡು ಮತ್ತೆ ಕೇಳಿದರು. “ಏನಂದ್ಲು ಕಣಮ್ಮ? ಬೆನ್ನು ಮಾಡ್ಬಿಟ್ಲು.”

ಟಾರ್ಚು ಹಿಡಿದ ವಾಲಂಟಿಯರ್ ಹುಡುಗನೊಬ್ಬ ಹಿಂದಿನಿಂದ ಬಂದು, “ಸರ್, ದಯವಿಟ್ಟು ಹೊರಗೆ ಬನ್ನಿ” ಎಂದ. ಅವರು ತಿರುಗಲಿಲ್ಲ. ಹೆಗಲು ಮುಟ್ಟಿದ. ತಿರುಗಿದರು. ಟಾರ್ಚಿನ ಬೆಳಕು ಅವರ ಮುಖದ ಮೇಲೆ, ಹುಡುಗನ ಬಾಯಿ ಕತ್ತಲಲ್ಲಿ. “ಸರ್, ಕುಡಿದಿದೀರಾ?” ಎಂದ. ಅವರು “ಆಂ?” ಎಂದರು. “ಕಳಿಸ್ರೀ ಆಚೆ” ಎಂದು ಹಿಂದಿನಿಂದ ದೊಡ್ಡ ಮನುಷ್ಯರೊಬ್ಬರ ದನಿ ಬಂತು.

ಅವರಿಗೆ ಕಿವಿ ಕೇಳಲ್ಲ. ಇಷ್ಟೇ ಹೇಳಬೇಕಿದ್ದದ್ದು. ಮೂರು ಮಾತು. ಹೇಳಿದ್ದರೆ ಆ ಹುಡುಗ ಕೈ ಮುಗಿದು ಹೋಗುತ್ತಿದ್ದ. ಆ ನಟಿಯೇ ಬಹುಶಃ ತಿರುಗಿ ನಿಂತು ಇನ್ನೊಮ್ಮೆ ಹೇಳುತ್ತಿದ್ದಳು. ಅವರಿಗೆ ಹುಡುಗ ಬಾಗಿಲಿನ ಕಡೆ ಚಾಚಿದ ಕೈ ಕಾಣಿಸಿತು, ಅರ್ಥವಾಯಿತು. ಎದ್ದರು. ನಾವು ಏಳು ಜನ ಅವರ ಮುಖ ನೋಡುತ್ತಿದ್ದೆವು. ಅಂಗೈ ಕೆಳಗೆ ಮಾಡಿ ಎರಡು ಸಲ ತಟ್ಟಿದರು, ಕೂತ್ಕೊಳಿ ಎಂದು. ಹೋದರು.

ನಾವು ಕೂತೆವು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಅದಕ್ಕೇ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಾತನ್ನು ಮುರಿಯದೆಯೂ ಎದ್ದು ಅವರ ಜೊತೆ ಹೊರಗೆ ಹೋಗಬಹುದಿತ್ತು. ನನಗೆ ನಾಟಕದ ಕೊನೆ ಬೇಕಿತ್ತು. ಮನೆ ಮಾರಿದರೋ ಇಲ್ಲವೋ ತಿಳಿಯಬೇಕಿತ್ತು. ತಿಂಗಳಿಗೊಂದು ದಿನ ನನಗೆ ಸಿಗುತ್ತಿದ್ದದ್ದು ಅದು, ಅದನ್ನು ಬಿಡಲು ಮನಸ್ಸಾಗಲಿಲ್ಲ. ಕೊನೆಯವರೆಗೆ ನೋಡಿದೆ. ಚಪ್ಪಾಳೆಯನ್ನೂ ತಟ್ಟಿದೆ.

ಹೊರಗೆ ಬಂದಾಗ ಅವರು ಕೆಳಗೆ ಚಪ್ಪಲಿಗಳ ಹತ್ತಿರ ಕಟ್ಟೆಯ ಮೇಲೆ ಕೂತಿದ್ದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ನೋಡುತ್ತಾ, “ಆಮೇಲೇನಾಯ್ತು?” ಎಂದು ಕೇಳಿದರು.

ರೈಲಿನಲ್ಲಿ ಹೇಳಿದೆ. ಇನ್ನೂ ಬೆಳಕಿತ್ತು. ಎದುರು ಸೀಟಿನಲ್ಲಿ ಕೂತು ಯಲಹಂಕ ದಾಟುವವರೆಗೆ ತಾಯಿಯ ಮಾತು, ಮಗಳ ಮಾತು, ಬೆನ್ನು ಮಾಡಿ ಹೇಳಿದ್ದ ಆ ಒಂದು ಮಾತು, ಎಲ್ಲ ಹೇಳಿದೆ. ಅವರು ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು. “ಒಳ್ಳೆ ಮಾತು” ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತಾ, “ನನ್ನ ಬಾಯಿ ಎಷ್ಟು ಜೋರು ಅಂತ ನನಗೇ ಗೊತ್ತಾಗಲ್ಲ ಕಣಮ್ಮ. ಇನ್ನು ಬೇಡ” ಎಂದರು.

ಬೇಡವೆಂದರೆ ಬೇಡ. ಮತ್ತೆ ಅವರು ಯಾವ ಹಾಲಿನ ಮೆಟ್ಟಿಲನ್ನೂ ಹತ್ತಲಿಲ್ಲ. ಎಷ್ಟು ಕರೆದರೂ “ನೀನು ಹೋಗ್ಬಾ, ಬಂದು ಹೇಳು” ಎನ್ನುತ್ತಿದ್ದರು. ಹಾಗೆ ಶುರುವಾಯಿತು. ನಾನು ನಾಟಕ ನೋಡಿ ಬರುವುದು, ಸೋಮವಾರ ಬೆಳಿಗ್ಗೆ ನಮ್ಮೆರಡು ಮನೆಗಳ ನಡುವಿನ ಮೋಟುಗೋಡೆಯ ಹತ್ತಿರ ನಿಂತು ಹೇಳುವುದು. “ಈ ಕಡೆ ತಿರುಗು, ಬಿಸಿಲಿಗೆ” ಎಂದು ನನ್ನನ್ನು ಸರಿಯಾಗಿ ನಿಲ್ಲಿಸಿಕೊಂಡು ತಾವು ಮೆಟ್ಟಿಲಿನ ಮೇಲೆ ಕೂರುತ್ತಿದ್ದರು. ಯಾವ ನಟ ಎಲ್ಲಿ ನಿಂತಿದ್ದ, ಯಾವ ಸೀರೆ ಉಟ್ಟಿದ್ದಳು, ಎಷ್ಟು ಜನ ಮಧ್ಯೆ ಎದ್ದುಹೋದರು, ಎಲ್ಲ ಬೇಕು. ಬಿಟ್ಟರೆ ಬಿಡುತ್ತಿರಲಿಲ್ಲ. ಅನ್ನಕ್ಕಿಟ್ಟು ಬಂದದ್ದು ಸೀದು ಹೋಗುತ್ತಿತ್ತು, ಗಂಡ ಗೊಣಗುತ್ತಿದ್ದ. ನಾನು ಅದನ್ನು ಪ್ರೀತಿಯಿಂದ ಮಾಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅರ್ಧ ಪ್ರೀತಿಯೋ, ಅರ್ಧ ದಂಡನೆಯೋ, ನನಗೇ ಗೊತ್ತಿಲ್ಲ.

ಕೊರೋನಾದಲ್ಲಿ ಹಾಲುಗಳು ಮುಚ್ಚಿದವು. ಆ ಇಂಜಿನಿಯರರ ಹಾಲು ಮತ್ತೆ ತೆರೆಯಲೇ ಇಲ್ಲ. ನಮ್ಮ ಶೆಡ್ಡಿನ ಮಗ್ಗಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಕಿವಿಯ ವಿಷಯ ಆಗ ಬೀದಿಗೆಲ್ಲ ತಿಳಿಯಿತು, ತಿಳಿದು ಯಾರಿಗೂ ಏನೂ ಅನ್ನಿಸಲಿಲ್ಲ. ನಮ್ಮ ಬೀದಿಯಲ್ಲಿ ಅರ್ಧ ಗಂಡಸರು ಹಾಗೆಯೇ. ಜೊತೆಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಉಳಿದ ಹಾಲುಗಳು ತೆರೆದ ಮೇಲೆ ಮೂರು ವರ್ಷ ನಾನೊಬ್ಬಳೇ ಹೋಗಿ ಬಂದೆ. ಆಮೇಲೆ ನನ್ನ ಮಂಡಿಗಳು ಕೈಕೊಟ್ಟವು.

ಒಂದು ಭಾನುವಾರ ಯಲಹಂಕ ಸ್ಟೇಷನ್ನಿನಲ್ಲಿ ಬಸ್ಸಿಗೆಂದು ಇಳಿದವಳು ಮೇಲ್ಸೇತುವೆಯ ಮೆಟ್ಟಿಲು ನೋಡಿ ನಿಂತುಬಿಟ್ಟೆ. ಹತ್ತಲು ಆಗಲಿಲ್ಲ. ಬೆಂಚಿನ ಮೇಲೆ ಕೂತೆ. ಸುಸ್ತು. ಮಂಡಿಯದು ಮಾತ್ರವಲ್ಲ, ಇಷ್ಟು ವರ್ಷದ್ದು. ಎದುರಿಗೆ ಒಬ್ಬ ಮುದುಕ, ಒಬ್ಬಳು ಮುದುಕಿ ಒಂದು ಕಬ್ಬಿಣದ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು, ಅದನ್ನು ಯಾರು ಹೊರಬೇಕೆಂದು ಜಗಳವಾಡುತ್ತಿದ್ದರು. ನೋಡುತ್ತಾ ಕೂತೆ. ವಾಪಸು ರೈಲು ಬಂತು, ಹತ್ತಿದೆ. ಸೋಮವಾರ ಅದನ್ನೇ ನಾಟಕ ಮಾಡಿ ಹೇಳಿದೆ. ಪೆಟ್ಟಿಗೆಯೊಳಗೆ ಏನಿತ್ತು ಎಂದು ನಾನೇ ಕಟ್ಟಿದೆ.

ಅವರು ಕೊನೆಯವರೆಗೆ ಕೇಳಿ, “ಯಾವ ಹಾಲು?” ಎಂದರು. ಬಾಯಿಗೆ ಬಂದ ಒಂದು ಹಾಲಿನ ಹೆಸರು ಹೇಳಿದೆ. “ಹೂಂ” ಎಂದರು.

ಮುಂದಿನ ಸಲವೂ ಯಲಹಂಕದ ಬೆಂಚೇ. ಅದನ್ನೂ ಒಂದು ಹಾಲಿನ ಹೆಸರು ಹಾಕಿ ಹೇಳಲು ಶುರು ಮಾಡಿದಾಗ ಅವರು ಕೈ ಎತ್ತಿ ತಡೆದರು. ಪೇಪರಿನಲ್ಲಿ ‘ಇಂದಿನ ಕಾರ್ಯಕ್ರಮ’ವನ್ನು ಅವರು ದಿನವೂ ಬೆರಳಿಟ್ಟು ಓದುತ್ತಾರೆನ್ನುವುದನ್ನು ನಾನು ಮರೆತಿದ್ದೆ. “ಆ ಹಾಲಲ್ಲಿ ನಿನ್ನೆ ಭರತನಾಟ್ಯ ಅಂತ ಹಾಕಿದ್ರಲ್ಲಮ್ಮ” ಎಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಣಗಲು ಹಾಕಿದ ಬಟ್ಟೆ ತೆಗೆಯುವವಳ ಹಾಗೆ ಆ ಕಡೆ ತಿರುಗಿದೆ. “ಇರ್ಲಿ ಬಿಡು. ಈ ಕಡೆ ತಿರುಗು. ಹೇಳು, ಆಮೇಲೇನಾಯ್ತು?” ಎಂದರು.

ಅಲ್ಲಿಂದ ಮುಂದೆ ನಾನು ಯಲಹಂಕಕ್ಕೂ ಹೋಗಲಿಲ್ಲ. ಮನೆಯಲ್ಲೇ ಕೂತು ಕಟ್ಟುತ್ತಿದ್ದೆ. ನಾನು ಹೋಗುತ್ತಿಲ್ಲವೆಂದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂದು ನನಗೆ ಗೊತ್ತು. ಆದರೂ ಪ್ರತಿ ಸಲ ಒಂದು ಹಾಲಿನ ಹೆಸರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. “ಮೀಸೆ ಇತ್ತಾ?” ಎಂದೂ ಒಮ್ಮೆ ಕೇಳಿದರು.

ಕೊನೆಯದಾಗಿ ಹೇಳಿದ್ದು ಅವರು ತೀರಿಕೊಳ್ಳುವ ಎರಡು ವಾರ ಮುಂಚೆ. ಆಗ ಅವರಿಗೆ ಉಸಿರಿನ ತೊಂದರೆ ಹೆಚ್ಚಾಗಿತ್ತು, ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿದ್ದರು. ಏನು ಹೇಳಬೇಕೆಂದು ನಾನು ರಾತ್ರಿಯಿಂದ ಯೋಚಿಸಿದ್ದೆ. ಯೋಚಿಸಲು ಬೇರೆ ಏನೂ ಉಳಿದಿರಲಿಲ್ಲ. ಹೇಳಿದೆ.

ಒಬ್ಬ ಮನುಷ್ಯನಿಗೆ ಕೆಮ್ಮಿನ ಕಾಯಿಲೆ. ಅವನಿಗೆ ಸಂಗೀತವೆಂದರೆ ಪ್ರಾಣ. ಒಂದು ದಿನ ಕಚೇರಿಗೆ ಹೋಗುತ್ತಾನೆ, ಪಕ್ಕದಲ್ಲಿ ಅವನ ಬೀದಿಯ ಹೆಂಗಸೊಬ್ಬಳು ಕೂತಿರುತ್ತಾಳೆ. ಕೆಮ್ಮು ಬರುತ್ತದೆ. ಬೇಕೆಂದೇ ಕೆಮ್ಮುತ್ತಿದ್ದಾನೆಂದು ಅವನನ್ನು ಆಚೆ ಕಳಿಸುತ್ತಾರೆ. ಅದು ಕಾಯಿಲೆಯೆಂದು ಆ ಹೆಂಗಸಿಗೆ ಗೊತ್ತು. ಬಾಯಿ ಬಿಡುವುದಿಲ್ಲ. ಎದ್ದು ಹೋಗುವುದೂ ಇಲ್ಲ. ಕಚೇರಿ ಮುಗಿಯುವವರೆಗೆ ಕೂತು ಕೇಳುತ್ತಾಳೆ. ಪರದೆ.

ಅವರು ಹಾಲಿನ ಹೆಸರು ಕೇಳಲಿಲ್ಲ.

“ಅವಳು ಯಾಕೆ ಏಳಲಿಲ್ಲ?” ಎಂದರು.

“ಅವಳಿಗೆ ಕೊನೆವರೆಗೂ ಕೇಳ್ಬೇಕಿತ್ತು ಅಣ್ಣ.”

“ಅಷ್ಟೇನಾ?”

“ಅಷ್ಟೇ. ಬೇರೆ ಏನೂ ಕಾರಣ ಇಲ್ಲ. ಆಮೇಲೆ ಅವಳು ಬೇಜಾನ್ ನೊಂದ್ಕೊಂಡ್ಲು, ಆದ್ರೆ ಆವಾಗ ಅಷ್ಟೇ ಇದ್ದಿದ್ದು.”

ನನ್ನ ಬಾಯಿ ಮುಚ್ಚಿದ ಮೇಲೂ ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದರು. ನಾನು ತಿರುಗಿಕೊಳ್ಳಲಿಲ್ಲ. ಆಮೇಲೆ ಅವರು ಕುರ್ಚಿಯಲ್ಲಿ ಮುಂದಕ್ಕೆ ಸರಿದು, ಬೀದಿಯ ಆ ತುದಿಗೂ ಕೇಳುವ ತಮ್ಮ ಎಂದಿನ ದನಿಯಲ್ಲಿ ಹೇಳಿದರು. “ಅವಳು ಮಾಡಿದ್ದು ಸರಿ ಅಂತ ನಾನು ಹೇಳಲ್ಲ ಕಣಮ್ಮ. ಅವನಿಗೆ ನೋವಾಯ್ತು. ಆದ್ರೆ ಅವಳೂ ಎದ್ದು ಬಂದ್ಬಿಟ್ಟಿದ್ರೆ, ಒಳಗೆ ಏನಾಯ್ತು ಅಂತ ಅವನಿಗೆ ಹೇಳೋರ್ಯಾರು?”

ಎದುರು ಮನೆಯಲ್ಲಿ ಬಾಗಿಲಿಗೆ ನೀರು ಹಾಕುತ್ತಿದ್ದವಳು ಚೊಂಬು ಹಿಡಿದು ನೋಡುತ್ತಾ ನಿಂತಳು. ಒಳಗಿನಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, “ಏನ್ರೀ ಇದು, ಬೀದಿಗೆಲ್ಲ ಕೇಳ್ತದೆ, ಮೆತ್ತಗೆ ಮಾತಾಡಿ” ಎಂದರು.

“ಬಿಡಿ ಅಕ್ಕ” ಎಂದೆ. “ಜೋರಾಗೇ ಮಾತಾಡ್ಲಿ.”